ಮಂಡೆಬೆಚ್ಚ ಎಂದರೇನೆಂದು ಕೇಳಿದವರು

ಮೂರು ವರ್ಷಗಳ ಅವಧಿಯಲ್ಲಿ ನಾನು ನಾಲ್ಕು ಮಂದಿ ಥೆರಪಿಸ್ಟರ ಎದುರು ಕುಳಿತಿದ್ದೇನೆ. ಈಗ ಹೋಗುತ್ತಿರುವುದು ನಾಲ್ಕನೆಯವರ ಬಳಿಗೆ. ಮೊದಲ ಮೂವರೂ ಸರಿಯಿರಲಿಲ್ಲವೆಂದರೆ ಅನ್ಯಾಯವಾದೀತು. ಅವರಲ್ಲಿ ಒಬ್ಬರು ಆ ಕೆಲಸಕ್ಕೆ ತಕ್ಕವರಾಗಿರಲಿಲ್ಲ, ಉಳಿದಿಬ್ಬರು ನನಗೆ ತಕ್ಕವರಾಗಿರಲಿಲ್ಲ, ಅಷ್ಟೆ. ಈ ಎರಡು ಮಾತುಗಳ ನಡುವಿನ ಅಂತರ ತಿಳಿಯುವುದಕ್ಕೆ ನನಗೆ ಸಮಯವೂ ಹಣವೂ ಸಾಕಷ್ಟು ಹಿಡಿದವು. ಕಳೆದ ತಿಂಗಳು ಸಹೋದ್ಯೋಗಿಯೊಬ್ಬರು, ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ‘ಟೀಚರ್, ನೀವು ಹೋಗುವಲ್ಲಿಯ ನಂಬರ್ ಒಮ್ಮೆ ಕೊಡಬಹುದಾ?’ ಎಂದು ಕೇಳಿದರು. ಕೊಟ್ಟೆ. ಕೊಟ್ಟ ಮೇಲೆ, ನನ್ನ ಕಾಲಿನ ಚಪ್ಪಲಿಯನ್ನು ಅಳತೆ ನೋಡದೆ ಅವರಿಗೆ ಕಳಚಿ ಕೊಟ್ಟ ಹಾಗಾಯಿತಲ್ಲ ಎನಿಸಿತು. ಅವರಿಗೆ ಆ ದಿನ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬದಿಯಡ್ಕದ ಸಮೀಪದ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಮನೆಯಲ್ಲಿ ಹವ್ಯಕ ಭಾಷೆ, ತೋಟದಲ್ಲಿ ಕೆಲಸಕ್ಕೆ ಬರುವವರೊಂದಿಗೆ ತುಳು, ತರಗತಿಯಲ್ಲಿ ಕನ್ನಡ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಸರಕಾರಿ ಕಚೇರಿಯಲ್ಲಿ ಮಲಯಾಳ, ಇಲಾಖೆಯ ಕಾಗದಗಳಲ್ಲಿ ಇಂಗ್ಲಿಷು. ಸಮಾರಂಭಗಳ ವೇದಿಕೆಯಿಂದ ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಹೊಗಳುವಾಗ ನಾನೂ ಚಪ್ಪಾಳೆ ತಟ್ಟಿದವಳೇ. ಆದರೆ ಆ ಏಳರಲ್ಲಿ ಯಾವ ಭಾಷೆಯಲ್ಲಿ ಕುಳಿತು ಅಳಬೇಕು ಎಂಬ ಪ್ರಶ್ನೆ ಬಂದಾಗ ಸಂಗಮವೆಂಬುದು ಅಷ್ಟೇನೂ ಸುಲಭದ ಜಾಗವಲ್ಲವೆಂದು ಗೊತ್ತಾಯಿತು.

ಅಪ್ಪ ತೀರಿಕೊಂಡದ್ದು 2020ರ ಏಪ್ರಿಲ್ ಮೊದಲ ವಾರದಲ್ಲಿ. ಆಗ ಲಾಕ್‌ಡೌನ್, ಮಂಗಳೂರಿಗೆ ಹೋಗುವ ಗಡಿಯ ರಸ್ತೆಗಳು ಮುಚ್ಚಿದ್ದವು, ಕೆಲವು ಒಳದಾರಿಗಳಿಗೆ ಮಣ್ಣು ಸುರಿದಿತ್ತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೂ ಹೋಗಿತ್ತು. ಅಪ್ಪನ ಹೃದಯದ ಚಿಕಿತ್ಸೆ ವರ್ಷಗಳಿಂದ ಮಂಗಳೂರಿನಲ್ಲಿ ನಡೆಯುತ್ತಿದ್ದುದರಿಂದ ಆ ರಾತ್ರಿ ಎದೆನೋವು ಶುರುವಾದಾಗ, ‘ಮೊದಲು ಕಾಸರಗೋಡಿಗೆ ಹೋಗುವ’ ಎಂದು ತಮ್ಮ ಹೇಳಿದರೂ, ‘ಎದೆನೋವಿನವರನ್ನು ಬಿಡದೆ ಇರುತ್ತಾರಾ?’ ಎಂದು ಕಾರನ್ನು ಗಡಿಯಲ್ಲಿರುವ ತಲಪಾಡಿಯ ಕಡೆಗೆ ತಿರುಗಿಸಲು ಹೇಳಿದವಳು ನಾನು. ಬಿಡಲಿಲ್ಲ. ಹಿಂದೆ ಬರುವಾಗ ಉಪ್ಪಳ ದಾಟುತ್ತಿದ್ದಂತೆ ಅಪ್ಪ ‘ಸಾಕು, ಮನಗೆ ಹೋಪೊ’ ಎಂದರು. ಕುಂಬಳೆ ಬರುವಷ್ಟರಲ್ಲಿ ಅವರ ಕೈ ತಣ್ಣಗಾಗಿತ್ತು.

ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ಐದು ವರ್ಷ ಬೇಕಾಯಿತು. ಮೊದಲ ಎರಡು ವರ್ಷ ಏನೂ ಆಗಲಿಲ್ಲ, ಅಥವಾ ಏನೂ ಆಗಲಿಲ್ಲವೆಂದು ಭಾವಿಸಿದೆ. 2022ರ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಸಾವಿರ ಸಲ ಮಾಡಿಸಿದ ಲೆಕ್ಕದ ನಡುವೆ ಚಾಕ್ ಹಿಡಿದು ಮುಂದಿನ ಹಂತ ತೋಚದೆ ನಿಲ್ಲುವುದು, ಮಂಗಳೂರಿನ ಮದುವೆಗಳಿಗೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುವುದು ಶುರುವಾಯಿತು. ಅಮ್ಮ ಮೊದಲು ಜೋಯಿಸರಲ್ಲಿ ಪ್ರಶ್ನೆ ಇರಿಸಿದರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಜೋಯಿಸರು ಒಂದು ಗಂಟೆ ನಮ್ಮ ಮಾತು ಕೇಳಿದರು, ನಡುವೆ ಒಮ್ಮೆಯೂ ಫೋನ್ ಎತ್ತಲಿಲ್ಲ, ಮತ್ತು ಆ ವರ್ಷ ನನ್ನ ಮಾತನ್ನು ಒಂದು ಗಂಟೆ ಕೇಳಿದ ಮೊದಲಿಗರು ಅವರೇ. ಪರಿಹಾರಕ್ಕೆ ಅವರು ಹೇಳಿದ್ದನ್ನು ಮಾಡಿಸಿದೆವು, ನಿದ್ದೆ ಬರಲಿಲ್ಲ.

ಊರಿನ ಡಾಕ್ಟ್ರು ಮಾಡಿದ ಮೊದಲ ಕೆಲಸ ರಕ್ತ ಪರೀಕ್ಷೆ ಬರೆದುಕೊಟ್ಟದ್ದು. ಥೈರಾಯ್ಡ್ ಗ್ರಂಥಿ ನಿಧಾನವಾದರೂ, ರಕ್ತಹೀನತೆಯಿದ್ದರೂ ಸುಸ್ತು, ಮಂಕು, ನಿರುತ್ಸಾಹ ಬರಬಹುದಾದ್ದರಿಂದ ಥೆರಪಿ ಹುಡುಕುವ ಮೊದಲು ಇದನ್ನು ನೋಡಿಸಿಕೊಳ್ಳುವುದು ಒಳ್ಳೆಯದೆಂದು ಈಗ ಎಲ್ಲರಿಗೂ ಹೇಳುತ್ತೇನೆ. ನನ್ನ ವರದಿ ಸರಿಯಾಗಿಯೇ ಬಂದುದರಿಂದ ಅವರು ಮನೋವೈದ್ಯರಿಗೆ ಚೀಟಿ ಕೊಟ್ಟರು. ಮನೆಯಲ್ಲಿ ಆ ಶಬ್ದಕ್ಕೆ ಇದ್ದ ಅನುವಾದ ‘ಮರ್ಲಿನ ಡಾಕ್ಟ್ರು’, ಅಂದರೆ ಹುಚ್ಚಿನ ಡಾಕ್ಟ್ರು, ಎಂದಷ್ಟೆ. ಅಮ್ಮ ಅದನ್ನು ನೆರೆಮನೆಯವರಿಗೆ ‘ನಿದ್ದೆಯ ಡಾಕ್ಟ್ರು’ ಎಂದು ತಿದ್ದಿ ಹೇಳಿದರು. ಅಲ್ಲಿ ಹತ್ತು ನಿಮಿಷದಲ್ಲಿ ಮಾತು ಮುಗಿಯಿತು, ಮಾತ್ರೆ ಕೊಟ್ಟರು, ಫಲ ಕಾಣಲು ಕೆಲವು ವಾರಗಳು ಬೇಕು, ನಡುವೆ ನೀವಾಗಿ ನಿಲ್ಲಿಸಬೇಡಿ ಎಂದರು. ಫಲ ಕಂಡಿತು ಕೂಡ. ಮೂರು ಗಂಟೆಯ ಎಚ್ಚರ ನಾಲ್ಕೂವರೆಗೆ ಸರಿಯಿತು. ಆದರೆ ಎಚ್ಚರವಾದಾಗ ಕಾಣುವ ಚಿತ್ರ ಅದೇ ಆಗಿತ್ತು. ಎರಡನೆಯ ಭೇಟಿಯಲ್ಲಿ ವೈದ್ಯರೇ, ‘ಇದಕ್ಕೆ ಮಾತ್ರೆಯ ಜೊತೆಗೆ ಥೆರಪಿಯೂ ಬೇಕು, ಅದನ್ನು ಮಾಡುವವರು ಬೇರೆ’ ಎಂದರು.

ಆ ‘ಬೇರೆ’ ಯಾರು ಎಂಬುದೇ ನನಗೆ ಗೊತ್ತಿರಲಿಲ್ಲ. ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದಿನ ಪದವಿ ಪಡೆದವರು, ಔಷಧ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಶ್ಶಾಸ್ತ್ರ ಓದಿ, ಇತ್ತೀಚಿನವರೆಗಿನ ರೂಢಿಯಂತೆ ಎರಡು ವರ್ಷಗಳ ಎಂ.ಫಿಲ್. ತರಬೇತಿಯನ್ನು ಆಸ್ಪತ್ರೆಯಲ್ಲಿ ಮುಗಿಸಿ, 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಅವರು ಮಾತ್ರೆ ಬರೆಯುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. ಇನ್ನು ಆಪ್ತಸಮಾಲೋಚಕರು. ಈ ಹೆಸರಿನಡಿ ಎಂ.ಎಸ್‌ಸಿ. ಓದಿ ವರ್ಷಗಟ್ಟಲೆ ಅನುಭವಿಗಳ ಕೈಕೆಳಗೆ ಪಳಗಿದವರೂ ಇದ್ದಾರೆ, ವಾರಾಂತ್ಯದ ಶಿಬಿರದಿಂದ ಪ್ರಮಾಣಪತ್ರ ತಂದು ಗೋಡೆಗೆ ತೂಗಹಾಕಿದವರೂ ಇದ್ದಾರೆ. 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ ಬೇರೆಯೇ ಒಂದು ರಾಷ್ಟ್ರೀಯ ಆಯೋಗದ ಕಾಯಿದೆ ಬಂದಿದ್ದರೂ, ಫಲಕವೊಂದನ್ನೇ ನೋಡಿ ಯಾರು ಯಾರೆಂದು ಹೇಳುವುದು ಸುಲಭವಲ್ಲ. ಕೇಳಿಯೇ ತಿಳಿಯಬೇಕು, ಮತ್ತು ಕೇಳಿದ್ದಕ್ಕೆ ಮುಖ ಬಿಗಿಯುವವರಾದರೆ ಉತ್ತರ ಅಲ್ಲಿಗೇ ಸಿಕ್ಕಿದ ಹಾಗೆ.

ಕೇಳದೆ ಹೋದದ್ದರಿಂದಲೇ ನನ್ನ ಮೊದಲ ಪ್ರಯತ್ನ ಕೆಟ್ಟಿತು. ಅವರು ಯಾರು, ಎಲ್ಲಿಯವರು ಎಂಬುದು ಇಲ್ಲಿ ಬೇಡ. ನಾನು ನಾಲ್ಕು ವಾಕ್ಯ ಹೇಳುವ ಮೊದಲೇ ಅವರು ಮಾತು ಶುರುಮಾಡಿ ಸಾವು ಸಹಜವೆಂದೂ, ನಾನು ಕಲಿತವಳಾದ್ದರಿಂದ ಧೈರ್ಯವಾಗಿರಬೇಕೆಂದೂ, ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ನಗಬೇಕೆಂದೂ ಹೇಳಿದರು. ಎರಡನೆಯ ಸಲ ಹೋದಾಗ ಇನ್ನೊಬ್ಬರ ಕತೆಯನ್ನು, ಹೆಸರೊಂದನ್ನು ಬಿಟ್ಟು ಉಳಿದೆಲ್ಲ ಗುರುತುಗಳೊಂದಿಗೆ, ನನಗೆ ಉದಾಹರಣೆಯಾಗಿ ಹೇಳಿದರು. ನಾಳೆ ನನ್ನ ಕತೆಯೂ ಹೀಗೆಯೇ ಇನ್ನೊಬ್ಬರಿಗೆ ಉದಾಹರಣೆಯಾಗುತ್ತದೆಂದು ಹೊಳೆದು ಮೂರನೆಯ ಸಲ ಹೋಗಲಿಲ್ಲ. ನಮ್ಮ ಮಾತು ಗುಟ್ಟಾಗಿ ಉಳಿಯಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯಿದೆ ನಮಗೆ ಕೊಟ್ಟ ಹಕ್ಕೆಂಬುದು ಆಗ ನನಗೆ ತಿಳಿದಿರಲಿಲ್ಲ.

ಎರಡನೆಯವರು ಬೆಂಗಳೂರಿನವರು, ಭೇಟಿಯೆಲ್ಲ ಆನ್‌ಲೈನಿನಲ್ಲಿ. ಓದಿದವರು, ಸಮಯಕ್ಕೆ ಸರಿಯಾಗಿ ಬರುವವರು, ಗುಟ್ಟು ಕಾಯುವವರು. ಮೊದಲ ದಿನವೇ ಗುಟ್ಟಿಗೂ ಒಂದು ಮಿತಿಯಿದೆಯೆಂದು, ಅಂದರೆ ನನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದೆಯೆಂದು ಕಂಡರೆ ಬೇರೆಯವರಿಗೆ ತಿಳಿಸಬೇಕಾಗುತ್ತದೆಂದು ಸ್ಪಷ್ಟವಾಗಿ ಹೇಳಿದರು, ಮತ್ತು ಹಾಗೆ ಮೊದಲೇ ಹೇಳುವುದು ಒಳ್ಳೆಯ ಲಕ್ಷಣವೆಂದು ಈಗಲೂ ನಂಬಿದ್ದೇನೆ. ತೊಂದರೆ ಎರಡು ಕಡೆ ಇತ್ತು. ಒಂದು, ಜಾಗದ್ದು. ಹತ್ತು ಮಂದಿ ಓಡಾಡುವ ಮನೆಯಲ್ಲಿ ಬಾಗಿಲು ಹಾಕಿ ಐವತ್ತು ನಿಮಿಷ ಮಾತಾಡಿದರೆ ಬಾಗಿಲ ಆಚೆ ಚಹಾ ಹಿಡಿದು ಯಾರಾದರೂ ನಿಲ್ಲುವುದು ಖಂಡಿತ. ಕೊನೆಗೆ ಅಂಗಳದ ತುದಿಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಾಜು ಏರಿಸಿ ಕುಳಿತುಕೊಳ್ಳುತ್ತಿದ್ದೆ. ಅದೇ ಕಾರು, ಅದೇ ಸೀಟು. ಅದು ಯಾವ ಕಾರೆಂದು ಆ ಥೆರಪಿಸ್ಟರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಇನ್ನೊಂದು, ಮಾತಿನದ್ದು. ಇಬ್ಬರೂ ಆಡುತ್ತಿದ್ದುದು ಕನ್ನಡವೇ. ನಾನು ‘ಬೇಜಾರು’ ಎಂದರೆ ನಮ್ಮ ಕಡೆ ಅದು ದುಃಖ. ಸಾವಿನ ಮನೆಗೆ ಹೋಗಿ ಬಂದವರು ಹೇಳುವ ಮಾತು. ಅವರಿಗೆ ಅದು ಹೊತ್ತು ಹೋಗದ ಬೇಸರವಾಗಿ ಕೇಳಿಸಿತು. ‘ಉದಾಸೀನ ಆಗುತ್ತದೆ’ ಎಂದರೆ ನಮ್ಮಲ್ಲಿ ಮೈ ಏಳುವುದಿಲ್ಲ, ಸೋಮಾರಿತನ ಕವಿಯುತ್ತದೆ ಎಂದರ್ಥ. ಅವರು ಅದನ್ನು ಯಾರ ಬಗ್ಗೆಯೋ ತಾತ್ಸಾರವೆಂದು ಬರೆದುಕೊಂಡರು. ಹೀಗೆ ಬೇಸರ ಕಳೆಯುವ ಹವ್ಯಾಸಗಳ ಪಟ್ಟಿಯೊಂದು ನನಗೆ ಮನೆಗೆಲಸವಾಗಿ ಬಂತು. ಯಾವ ಹೊತ್ತಿಗೆ ಯಾವ ಯೋಚನೆ ಬಂತು, ಅದಕ್ಕೆ ಆಧಾರವೇನು, ವಿರುದ್ಧವಾದ ಆಧಾರವೇನು ಎಂದು ಕೋಷ್ಟಕದಲ್ಲಿ ತುಂಬುವ ಕೆಲಸವೂ ಇತ್ತು. ಆರನ್ ಬೆಕ್ 1960ರ ದಶಕದಲ್ಲಿ ರೂಪಿಸತೊಡಗಿದ ಚಿಕಿತ್ಸಾ ಪದ್ಧತಿಯ ಸಾಧನವದು, ಬಹಳ ಮಂದಿಗೆ ನೆರವಾಗಿದೆ, ಗಣಿತದವಳಾದ ನನಗೂ ಕೋಷ್ಟಕವೆಂದರೆ ಇಷ್ಟವೇ. ಆದರೆ ಆ ಕಾಗದವಿದ್ದದ್ದು ಇಂಗ್ಲಿಷಿನಲ್ಲಿ, ಮತ್ತು ‘ನಾನು ತಲಪಾಡಿಗೆ ತಿರುಗಿಸಲು ಹೇಳಿದೆ’ ಎಂಬ ವಾಕ್ಯಕ್ಕೆ ವಿರುದ್ಧವಾದ ಆಧಾರ ಎಂಬ ಕಂಬಸಾಲಿನಲ್ಲಿ ಬರೆಯಲು ನನ್ನ ಬಳಿ ಏನೂ ಇರಲಿಲ್ಲ. ಆದ್ದರಿಂದ ಆ ವಾಕ್ಯವನ್ನೇ ಬರೆಯದೆ, ತರಗತಿಯ ಗದ್ದಲ, ಇಲಾಖೆಯ ಸುತ್ತೋಲೆ ಮುಂತಾದ ಸುಲಭದ ಸಂಗತಿಗಳನ್ನು ತುಂಬಿ ಒಳ್ಳೆಯ ವಿದ್ಯಾರ್ಥಿನಿಯಂತೆ ಕಳುಹಿಸುತ್ತಿದ್ದೆ. ಏಳು ಭೇಟಿಗಳ ಬಳಿಕ ನಿಲ್ಲಿಸಿದೆ. ನಿಲ್ಲಿಸುತ್ತೇನೆಂದು ಹೇಳದೆ, ನೆಟ್‌ವರ್ಕ್ ಸರಿಯಿಲ್ಲವೆಂದು ಸುಳ್ಳು ಹೇಳಿ ನಿಲ್ಲಿಸಿದೆ.

ಇಷ್ಟಾದ ಮೇಲೆ ಭಾಷೆಯೇ ಎಲ್ಲವೆಂದು ನಾನು ತೀರ್ಮಾನಿಸಿದ್ದು ಸಹಜ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡಕ್ಕಾಗಿ ನಡೆದ ಸತ್ಯಾಗ್ರಹ, ಮೆರವಣಿಗೆಗಳ ಮಾತನ್ನು ಊಟದೊಂದಿಗೆ ಉಂಡು ಬೆಳೆದ ಮನೆ ನಮ್ಮದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡದ ಮಕ್ಕಳಿಗೆ ಕೊಟ್ಟಾಗ ನಾನೂ ಬೀದಿಯಲ್ಲಿ ಕುಳಿತಿದ್ದೇನೆ. ಹಾಗಾಗಿ ಮೂರನೆಯ ಸಲ ನನ್ನದೇ ಮನೆಮಾತು ಆಡುವವರನ್ನು ಹುಡುಕಿ ಹುಡುಕಿ ಮಂಗಳೂರಿನಲ್ಲಿ ಕಂಡುಕೊಂಡೆ. ಅರ್ಹತೆ ಕೇಳಿದೆ, ಇತ್ತು. ಅನುಭವ ಕೇಳಿದೆ, ಅದೂ ಇತ್ತು. ಒಳಗೆ ಹೋಗಿ ಕುಳಿತೊಡನೆ ಅವರು ಪ್ರೀತಿಯಿಂದಲೇ ಕೇಳಿದ ಮೊದಲ ಪ್ರಶ್ನೆ: ‘ನಿಂಗೊ ಎಲ್ಲಿಯಾಣವು?’

ನಮ್ಮವರಲ್ಲಿ ‘ನೀವು ಎಲ್ಲಿಯವರು’ ಎಂಬ ಈ ಪ್ರಶ್ನೆಗೆ ಉತ್ತರ ಕೊಟ್ಟರೆ ಎಲ್ಲವನ್ನೂ ಕೊಟ್ಟ ಹಾಗೆ. ಮನೆಯ ಹೆಸರು ಹೇಳಿದರೆ ಅಜ್ಜ ಯಾರು, ಸೋದರಮಾವ ಯಾರು, ಯಾರ ಮನೆಗೆ ಯಾರನ್ನು ಕೊಟ್ಟದ್ದು ಎಂಬುದೆಲ್ಲ ಎರಡು ನಿಮಿಷದಲ್ಲಿ ಹೊರಬೀಳುತ್ತದೆ. ಹೊರಬಿತ್ತು. ಅವರ ಗಂಡನ ಕಡೆಯ ಒಬ್ಬರು ನನ್ನ ತಮ್ಮನ ಹೆಂಡತಿಗೆ ದೂರದ ಸಂಬಂಧ. ಆ ಕ್ಷಣದಿಂದ ನಾನು ಹೇಳಿದ ಕತೆಯಲ್ಲಿ ತಮ್ಮ ‘ಮೊದಲು ಕಾಸರಗೋಡಿಗೆ’ ಎಂದು ಹೇಳಲೇ ಇಲ್ಲ. ಕಾರು ತಾನಾಗಿಯೇ ತಲಪಾಡಿಗೆ ಹೋಯಿತು. ನನ್ನ ಪ್ರತಿಯೊಂದು ಶಬ್ದವೂ ಅವರಿಗೆ ಅರ್ಥವಾಗುತ್ತಿತ್ತು, ವಾಕ್ಯ ಮುಗಿಯುವ ಮೊದಲೇ ಅರ್ಥವಾಗುತ್ತಿತ್ತು, ‘ಅಪ್ಪು ಅಪ್ಪು, ನಮ್ಮಲ್ಲಿ ಹಾಂಗೇ ಅಲ್ಲದೋ’ ಎಂದು ತಲೆಯಾಡಿಸುತ್ತಿದ್ದರು, ಹಾಗಾಗಿ ಏನನ್ನೂ ಬಿಡಿಸಿ ಹೇಳಬೇಕಾದ ಪ್ರಸಂಗವೇ ಬರಲಿಲ್ಲ. ನಾನು ಅಲ್ಲಿಗೆ ಬಸ್ಸಿನಲ್ಲಿ ಹೋಗದೆ ಕುಂಬಳೆಗೆ ಹೋಗಿ ರೈಲು ಹಿಡಿಯುತ್ತಿದ್ದೆ. ರೈಲಿನಲ್ಲಿ ಕುಳಿತರೆ ಗಡಿಯ ಚೆಕ್‌ಪೋಸ್ಟ್ ಕಾಣುವುದಿಲ್ಲ. ‘ಹೇಗೆ ಬಂದಿರಿ’ ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಬಂಧುಗಳಿಗೂ ಪರಿಚಿತರಿಗೂ ಥೆರಪಿ ಮಾಡಬಾರದೆಂಬ ವೃತ್ತಿಧರ್ಮ ಯಾಕಿದೆಯೆಂಬುದು ನನಗೆ ಅಲ್ಲಿ ಕುಳಿತು ತಿಳಿಯಿತು. ಈ ಸಲ ಮಾತ್ರ ನಿಲ್ಲಿಸುವಾಗ ಸುಳ್ಳು ಹೇಳಲಿಲ್ಲ. ಸಂಬಂಧದ ಎಳೆ ನನಗೆ ಅಡ್ಡ ಬರುತ್ತಿದೆ ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ‘ಅದನ್ನು ಮೊದಲ ದಿನವೇ ನಾನು ಎತ್ತಬೇಕಿತ್ತು’ ಎಂದರು, ಮತ್ತು ಮನೋವೈದ್ಯರಿಗೆ ಕೊಡಲು ನಾಲ್ಕು ಸಾಲಿನ ಟಿಪ್ಪಣಿಯನ್ನೂ ಬರೆದುಕೊಟ್ಟರು. ಅವರ ಬಗ್ಗೆ ನನ್ನ ಗೌರವ ಹೆಚ್ಚಿದ್ದು ಆ ಕೊನೆಯ ದಿನ.

ಈ ನಡುವೆ ಓದಿದ ಒಂದು ಸಂಗತಿ ನನ್ನನ್ನು ಬಿಡದೆ ಕಾಡಿತು. ಮಾತಿನ ಮೂಲಕ ಚಿಕಿತ್ಸೆ ಎಂಬುದರ ಆರಂಭದ ಕತೆಯಲ್ಲಿ ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ನೋಡಿಕೊಂಡ ತರುಣಿಯೊಬ್ಬಳು ಬರುತ್ತಾಳೆ. ಅವಳ ನಿಜನಾಮ ಬೆರ್ತಾ ಪಾಪೆನ್‌ಹೈಮ್, 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಪ್ರಕಟಿಸಿದ ವರದಿಯಲ್ಲಿ ಅವಳಿಗೆ ಕೊಟ್ಟ ಹೆಸರು ಅನ್ನಾ ಓ. ಅವಳು ಕಾಯಿಲೆ ಬಿದ್ದದ್ದು ಹಾಸಿಗೆ ಹಿಡಿದ ತಂದೆಯ ಶುಶ್ರೂಷೆ ಮಾಡುತ್ತಿದ್ದಾಗ. ತಂದೆ ತೀರಿಕೊಂಡದ್ದು 1881ರ ಏಪ್ರಿಲ್‌ನಲ್ಲಿ. ಕಾಯಿಲೆಯ ಒಂದು ಹಂತದಲ್ಲಿ ಅವಳ ಮಾತೃಭಾಷೆ ಜರ್ಮನ್ ನಾಲಿಗೆಗೆ ಬಾರದಾಗಿ, ಅವಳು ಬರೀ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳಂತೆ, ಮತ್ತು ಈ ಚಿಕಿತ್ಸೆಗೆ ‘ಟಾಕಿಂಗ್ ಕ್ಯೂರ್’ ಎಂಬ ಹೆಸರನ್ನು ಇಟ್ಟದ್ದೂ ವೈದ್ಯರಲ್ಲ, ಅವಳೇ, ಇಂಗ್ಲಿಷಿನಲ್ಲಿ. ತಮಾಷೆಗೆ ಇದನ್ನು ಹೊಗೆಗೂಡಿನ ಮಸಿ ಗುಡಿಸುವುದೆಂದೂ ಕರೆಯುತ್ತಿದ್ದಳು. ಅಂದರೆ ಈ ಇಡೀ ಪದ್ಧತಿಗೆ ನಾಮಕರಣವಾದದ್ದೇ ಮನೆಮಾತಿನಿಂದ ಹೊರಗೆ. ಮನೆಮಾತಿನಲ್ಲಿ ಹೇಳಲಾಗದ್ದನ್ನು ಎರಡನೆಯ ಭಾಷೆಯಲ್ಲಿ, ಉರಿಯುವ ಪಾತ್ರೆಯನ್ನು ಬಟ್ಟೆ ಸುತ್ತಿ ಎತ್ತಿದ ಹಾಗೆ, ಎತ್ತಬಹುದೆಂಬುದನ್ನು ಹಲವು ಭಾಷೆ ಬಲ್ಲವರ ಬಗ್ಗೆ ಅಧ್ಯಯನ ಮಾಡಿದವರೂ ಹೇಳುತ್ತಾರೆ. ಇದನ್ನು ಓದುವಾಗ ನನಗೆ ಸ್ವಲ್ಪ ಸಿಟ್ಟೇ ಬಂತು. ಅಷ್ಟು ವರ್ಷ ಕೂಗಿದ ಘೋಷಣೆಗೆ ಇದು ಒಗ್ಗುವ ಸಂಗತಿಯಾಗಿರಲಿಲ್ಲ.

ನಾಲ್ಕನೆಯವರು ಪಯ್ಯನ್ನೂರು ಕಡೆಯವರು, ಮಲಯಾಳದವರು, ಕುಳಿತುಕೊಳ್ಳುವುದು ಕಾಸರಗೋಡಿನಲ್ಲಿ. ಮನೋವೈದ್ಯರೇ ಹೆಸರು ಕೊಟ್ಟರು; ಎರಡು ತಿಂಗಳು ನಾನು ಫೋನ್ ಮಾಡಲಿಲ್ಲ. ಕೊನೆಗೆ ಮಾಡಿದಾಗ ಕನ್ನಡ ಬರುತ್ತದೆಯೇ ಎಂದು ಕೇಳಿದೆ. ಕೇಳಿದರೆ ಅರ್ಥವಾಗುತ್ತದೆ, ಮಾತಾಡಿದರೆ ನೀವು ನಗುತ್ತೀರಿ ಎಂದರು. ನಿಮಗೆ ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಹೇಳಿ, ನನಗೆ ಗೊತ್ತಾಗದಿದ್ದರೆ ನಿಲ್ಲಿಸಿ ಕೇಳುತ್ತೇನೆ, ಎರಡು ಮೂರು ಸಲ ಬಂದು ನೋಡಿ, ಆಗುವುದಿಲ್ಲವೆನಿಸಿದರೆ ಹೇಳಿ, ಇನ್ನೊಬ್ಬರನ್ನು ಹುಡುಕೋಣ ಎಂದೂ ಹೇಳಿದರು. ಬಿಟ್ಟುಹೋಗುವ ದಾರಿಯನ್ನು ಬರುವ ಮೊದಲೇ ತೋರಿಸಿದವರು ಅವರೊಬ್ಬರೇ.

ಮೊದಲ ದಿನ ನಾನು ಮಲಯಾಳದಲ್ಲೇ ಶುರುಮಾಡಿದೆ, ಬ್ಯಾಂಕಿನಲ್ಲಿ ಮಾತಾಡುವ ಮಲಯಾಳದಲ್ಲಿ. ನಡುವೆ ಎಲ್ಲಿಯೋ ತುಳುವಿನ ‘ಮಂಡೆಬೆಚ್ಚ’ ಎಂಬ ಮಾತು ಬಂದುಬಿಟ್ಟಿತು. ಅವರು ಕೈ ಎತ್ತಿ ನಿಲ್ಲಿಸಿ, ಹಾಗೆಂದರೇನು ಎಂದು ಕೇಳಿದರು. ತಲೆ ಬಿಸಿ ಎಂದೆ. ಜ್ವರದ ಬಿಸಿಯೇ ಎಂದರು. ಅಲ್ಲ, ಚಿಂತೆ ಎಂದೆ. ಚಿಂತೆಯಾದರೆ ಚಿಂತೆ ಎನ್ನಬಹುದಿತ್ತಲ್ಲ, ಇದರಲ್ಲಿ ಬಿಸಿ ಎಲ್ಲಿಂದ ಬಂತು ಎಂದರು. ನಲುವತ್ತು ವರ್ಷ ಬಳಸಿದ ಶಬ್ದದೊಳಗೆ ಬಿಸಿ ಇದೆಯೆಂದು ನಾನು ಮೊದಲ ಬಾರಿಗೆ ಯೋಚಿಸಿದೆ, ಮತ್ತು ಯೋಚಿಸುತ್ತಲೇ ಅಪ್ಪನ ಹಣೆ ಬೆಚ್ಚಗಿದ್ದು ಕೈ ಮಾತ್ರ ತಣ್ಣಗಾಗಿತ್ತೆಂಬುದು ನೆನಪಾಗಿ, ಅದುವರೆಗೆ ಯಾರ ಎದುರೂ ಹೇಳದಿದ್ದ ಆ ಕಾರಿನ ಕತೆ ತಲೆಕೆಳಗಾಗಿ, ಕೊನೆಯಿಂದ ಮೊದಲಿಗೆ, ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಹೊರಗೆ ಬಂತು. ‘ಸಾಕು, ಮನಗೆ ಹೋಪೊ’ ಎಂಬುದನ್ನು ಮಾತ್ರ ಅನುವಾದಿಸಲು ಹೋಗಲಿಲ್ಲ. ಅವರು ಅದನ್ನು ತಮ್ಮ ಪುಸ್ತಕದಲ್ಲಿ ಮಲಯಾಳ ಲಿಪಿಯಲ್ಲಿ ಕೇಳಿಸಿದ ಹಾಗೆಯೇ ಬರೆದುಕೊಂಡು, ಸರಿಯಾಗಿದೆಯೇ ಎಂದು ಓದಿ ತೋರಿಸಿದರು. ಉಚ್ಚಾರ ತಪ್ಪಿತ್ತು. ತಿದ್ದಿದೆ.

ಆ ತಿದ್ದುವುದರಲ್ಲೇ ಎಲ್ಲವೂ ಇತ್ತೆಂದು ಈಗ ಅನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಥೆರಪಿಸ್ಟರಿಗೂ ಬಂದವರಿಗೂ ನಡುವಿನ ಹೊಂದಾಣಿಕೆಯಲ್ಲಿ ಮೂರು ಎಳೆಗಳಿವೆ ಎಂದರು: ಎಲ್ಲಿಗೆ ತಲುಪಬೇಕು ಎಂಬುದರಲ್ಲಿ ಒಮ್ಮತ, ಅದಕ್ಕಾಗಿ ಮಾಡುವ ಕೆಲಸದಲ್ಲಿ ಒಮ್ಮತ, ಮತ್ತು ಇಬ್ಬರ ನಡುವಿನ ಬಾಂಧವ್ಯ. ಯಾವ ಪದ್ಧತಿಯ ಚಿಕಿತ್ಸೆಯಾದರೂ ಈ ಹೊಂದಾಣಿಕೆ ಚೆನ್ನಾಗಿದ್ದಲ್ಲಿ ಫಲ ಹೆಚ್ಚೆಂಬುದನ್ನು ಅನಂತರದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಬೆಂಗಳೂರಿನವರೊಂದಿಗೆ ಗುರಿಯಿತ್ತು, ಕೆಲಸ ಒಗ್ಗಲಿಲ್ಲ. ಮಂಗಳೂರಿನಲ್ಲಿ ಬಾಂಧವ್ಯ ಎಷ್ಟಿತ್ತೆಂದರೆ ಅದು ನಿಜವಾಗಿಯೂ ಬಂಧುತ್ವವೇ ಆಗಿತ್ತು. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ: ಎದುರು ಕುಳಿತವರಿಗೆ ‘ಅಲ್ಲ, ಹಾಗಲ್ಲ’ ಎಂದು ಹೇಳಲು ನಿಮ್ಮಿಂದ ಆಗುತ್ತದೆಯೇ ಎಂದು ನೋಡಿ. ಬೆಂಗಳೂರಿನವರಿಗೆ ‘ಬೇಜಾರು ಎಂದರೆ ಅದಲ್ಲ’ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅವರಿಗೆ ಗೊತ್ತಾಗುತ್ತಿರಲಿಲ್ಲವೆಂಬುದಕ್ಕಿಂತ ನಾನು ಹೇಳಲಿಲ್ಲವೆಂಬುದು ದೊಡ್ಡ ವಿಷಯ.

ನಾಲ್ಕನೆಯವರೂ ತಪ್ಪುತ್ತಾರೆ. ಅಪ್ಪನ ತಿಥಿ ಹತ್ತಿರ ಬಂದಾಗ ಆ ದಿನ ನನಗೆ ಕಷ್ಟವಾದೀತೆಂದು ಭಾವಿಸಿ, ಅಡುಗೆಯ ಕೆಲಸದಿಂದ ದೂರವಿರಲು ಸಾಧ್ಯವೇ ಎಂದು ಕೇಳಿದರು. ಹಾಗಲ್ಲ, ವರ್ಷದಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡುವ ರಾತ್ರಿಯೆಂದರೆ ಅದೊಂದೇ, ಮನೆ ತುಂಬ ಜನ, ಬೆನ್ನು ಮುರಿಯುವಷ್ಟು ಕೆಲಸ ಎಂದೆ. ‘ನಾನು ತಪ್ಪು ತಿಳಿದೆ ಟೀಚರೇ, ಹೇಳಿದ್ದು ಒಳ್ಳೆಯದಾಯಿತು’ ಎಂದು, ಮುಂದಿನ ಮೂರು ಭೇಟಿಗಳಲ್ಲಿ ಆ ರಾತ್ರಿಯ ನಿದ್ದೆಯ ಸುತ್ತಲೇ ಕೆಲಸ ಮಾಡಿದರು. ನಡುನಡುವೆ ಅವರು ಸಮಾಧಾನಕ್ಕೆ ‘ಸಾರಮಿಲ್ಲ’ ಎನ್ನುತ್ತಾರೆ; ಮಲಯಾಳದಲ್ಲಿ ಪರವಾಗಿಲ್ಲವೆಂದರ್ಥ, ನನ್ನ ಕಿವಿಗೆ ಮಾತ್ರ ಬದುಕಿನಲ್ಲಿ ಸಾರವಿಲ್ಲವೆಂದೇ ಕೇಳಿಸುತ್ತದೆ. ಇದನ್ನೂ ಹೇಳಿದ್ದೇನೆ. ಈಗ ಇಬ್ಬರೂ ನಗುತ್ತೇವೆ.

ತಲಪಾಡಿಯ ಕೆಲಸ ಎಂಟು ತಿಂಗಳು ಹಿಡಿಯಿತು. ಮೊದಲು ಮಾತಿನಲ್ಲಿ, ಆಮೇಲೆ ಭೂಪಟದಲ್ಲಿ, ಆಮೇಲೆ ಬಸ್ಸಿನಲ್ಲಿ ಕುಂಬಳೆಯವರೆಗೆ, ಉಪ್ಪಳದವರೆಗೆ, ಮಂಜೇಶ್ವರದವರೆಗೆ. ಪ್ರತಿ ಸಲ ಎದೆಬಡಿತ ಇಳಿಯುವವರೆಗೆ ಅಲ್ಲೇ ಇದ್ದು, ಇಳಿದ ಮೇಲೆ ಹಿಂದೆ ಬರುವುದು. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ, ಎದುರಿಗೆ ನಿಂತು ಕಾದರೆ ಮೈ ತಾನಾಗಿ ತಣಿಯುತ್ತದೆ ಎಂಬುದು ಇದರ ಹಿಂದಿನ ತತ್ತ್ವ. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ಆ ರಸ್ತೆಯ ಗುರುತೇ ಸಿಗದಷ್ಟು ಬದಲಾಗಿದ್ದದ್ದು ನನಗೆ ಒಮ್ಮೆ ಸಮಾಧಾನವನ್ನೂ ಇನ್ನೊಮ್ಮೆ ವಿಚಿತ್ರವಾದ ಸಂಕಟವನ್ನೂ ಕೊಟ್ಟಿತು. ‘ಮೊದಲು ಕಾಸರಗೋಡಿಗೆ’ ಎಂದ ತಮ್ಮನೊಂದಿಗೆ ಈ ವಿಷಯ ಮಾತಾಡಿದ್ದೇನೆ. ಅವನಿಗೆ ಆ ಮಾತು ಆಡಿದ ನೆನಪೇ ಇಲ್ಲ.

ನಂಬರ್ ಕೇಳಿದ ಸಹೋದ್ಯೋಗಿಗೆ ಇನ್ನೂ ಕೆಲವು ವಿಷಯ ಹೇಳಬೇಕಿತ್ತು. ಫೋನ್ ಮಾಡಿದಾಗ ಅರ್ಹತೆ, ನೋಂದಣಿ, ಶುಲ್ಕ, ರದ್ದು ಮಾಡಿದರೆ ಏನು ಎಂಬುದನ್ನು ಕೇಳಲು ನಾಚಬಾರದು. ನನಗೆ ಒಂದು ಭೇಟಿಗೆ ಸಾವಿರ ರೂಪಾಯಿ. ವಾರಕ್ಕೊಮ್ಮೆ ಆಗುವುದಿಲ್ಲವೆಂದಾಗ ಹದಿನೈದು ದಿನಕ್ಕೊಮ್ಮೆ ಎಂದು ಒಪ್ಪಿಕೊಂಡರು, ಕೇಳದಿದ್ದರೆ ತಿಂಗಳಿಗೆ ನಾಲ್ಕು ಸಾವಿರದ ಲೆಕ್ಕ ಹಾಕಿ ನಾನೇ ಬಿಟ್ಟುಬಿಡುತ್ತಿದ್ದೆ. ಮೊದಲ ಭೇಟಿಯ ಬಳಿಕ ಸುಸ್ತಾಗುವುದು, ಅಳು ಬರುವುದು ಹೊಂದಾಣಿಕೆ ಇಲ್ಲವೆಂಬುದರ ಲಕ್ಷಣವಲ್ಲ. ಆದರೆ ಮೂರು ನಾಲ್ಕು ಸಲ ಹೋದ ಮೇಲೂ ನೀವು ಅಲ್ಲಿ ಒಳ್ಳೆಯ ವಿದ್ಯಾರ್ಥಿಯ ವೇಷ ಹಾಕುತ್ತಿದ್ದರೆ ಅದನ್ನು ಅವರಿಗೇ ಹೇಳಿ ನೋಡಬೇಕು. ಯಾರಾದರೂ ಮಾತ್ರೆ ನಿಲ್ಲಿಸಿ ನನ್ನ ಹತ್ತಿರ ಬನ್ನಿ ಎಂದರೆ, ಸಲಿಗೆ ಮೀರಿ ವರ್ತಿಸಿದರೆ, ಇನ್ನೊಬ್ಬರ ಗುಟ್ಟು ಹೇಳಿದರೆ ಎರಡನೆಯ ಅವಕಾಶ ಬೇಡ. ಇನ್ನು, ಹುಡುಕುವಷ್ಟು ವ್ಯವಧಾನವಿಲ್ಲದ, ಜೀವವೇ ಬೇಡವೆನಿಸುವ ರಾತ್ರಿಗಳಿಗೆ ಸರಿಯಾದವರನ್ನು ಹುಡುಕುತ್ತ ಕುಳಿತುಕೊಳ್ಳಬಾರದು; ಆಸ್ಪತ್ರೆಗೆ ಹೋಗಬೇಕು, ಇಲ್ಲವೇ 14416ಕ್ಕೆ ಕರೆ ಮಾಡಬೇಕು. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸರಕಾರಿ ಸೇವೆ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮಲಯಾಳದವರಲ್ಲಿಗೆ ಹೋಗುತ್ತಿದ್ದೇನೆಂದು ತಿಳಿದ ಹಳೆಯ ಹೋರಾಟದ ಗೆಳೆಯರೊಬ್ಬರು, ‘ಹಾಗಾದರೆ ನಾವು ಕೇಳುತ್ತಿರುವುದಕ್ಕೆ ಅರ್ಥವಿಲ್ಲವೇ?’ ಎಂದು ಕೇಳಿದರು. ಇದೆ. ನನಗೆ ಐದು ಭಾಷೆ ಬರುವುದರಿಂದ ಆರಿಸಿಕೊಳ್ಳಲು ಸಾಧ್ಯವಾಯಿತು. ಅಮ್ಮನಿಗೆ ಮಲಯಾಳದಲ್ಲಿ ಮೀನು ಮಾರುವವನನ್ನು ಮುಂದಿನ ಮನೆಗೆ ಹೋಗೆಂದು ಕಳುಹಿಸುವಷ್ಟೇ ಬರುತ್ತದೆ. ಗಂಡನನ್ನು ಕಳೆದುಕೊಂಡ ಅವರು ಇದುವರೆಗೆ ಯಾರ ಎದುರೂ ಕುಳಿತಿಲ್ಲ, ಮತ್ತು ಅವರಿಗೆ ಬೇಕಾದ ಭಾಷೆಯಲ್ಲಿ, ಮನೆಯ ಹೆಸರು ಕೇಳದೆ, ಮಾತು ಕೇಳಿಸಿಕೊಳ್ಳುವವರನ್ನು ನಾನು ಇನ್ನೂ ಕಂಡಿಲ್ಲ. ತಲೆಬಿಸಿಗೆ ಬಿಸಿ ಎಲ್ಲಿಂದ ಬಂತೆಂದು ಕೇಳುವ ಗುಣ ಒಳಗಿನವರಲ್ಲೂ ಇರಬಹುದು. ನನಗೆ ಸಿಕ್ಕಿದ್ದು ಹೊರಗಿನವರಲ್ಲಿ.

ಈಗ ಆ ಹೊರಗಿನವರೂ ಹೋಗುತ್ತಿದ್ದಾರೆ. ಮಗುವಿನ ಓದಿಗಾಗಿ ಕೋಝಿಕ್ಕೋಡಿಗೆ ಮನೆ ಬದಲಿಸುತ್ತೇನೆಂದು ಮೂರು ತಿಂಗಳು ಮೊದಲೇ ತಿಳಿಸಿ, ಆ ಮೂರು ತಿಂಗಳನ್ನು ಬೀಳ್ಕೊಡುಗೆಯ ಕೆಲಸಕ್ಕೆಂದೇ ಇರಿಸಿಕೊಂಡಿದ್ದಾರೆ. ಆನ್‌ಲೈನಿನಲ್ಲಿ ಮುಂದುವರಿಸಬಹುದೆಂದರು, ಕಾರಿನಲ್ಲಿ ಕುಳಿತು ಮಾತಾಡಲು ನನಗೆ ಇನ್ನು ಮನಸ್ಸಿಲ್ಲವೆಂದೆ, ಆ ಕಾರಿನ ಕತೆ ಗೊತ್ತಿರುವುದರಿಂದ ಅವರು ಒತ್ತಾಯಿಸಲಿಲ್ಲ. ಎರಡು ಹೆಸರು ಬರೆದುಕೊಟ್ಟಿದ್ದಾರೆ. ಒಂದು ಕಾಞಂಗಾಡಿನದು, ಇನ್ನೊಂದು ಮಂಗಳೂರಿನದು. ಮಂಗಳೂರಿನವರಿಗೆ ಫೋನ್ ಮಾಡಿ ಅರ್ಹತೆ, ಶುಲ್ಕ ಎಲ್ಲ ಕೇಳಿಯಾಯಿತು. ಮನೆಮಾತು ಕೊಂಕಣಿಯಂತೆ, ತುಳು ಬರುತ್ತದಂತೆ. ಶನಿವಾರ ಹತ್ತೂವರೆಗೆ ಬರಲು ಹೇಳಿದ್ದಾರೆ. ಎಂಟು ಗಂಟೆಯ ಬಸ್ಸು ಹಿಡಿದರೆ ಸಾಕಾಗುತ್ತದೆ.